ಹನ್ನೆರಡರ ಮೇಲೆ ಒಂದಿಷ್ಟು

ಮುಚ್ಚಿಹೋದ ಸೈಬರ್ ಸೆಂಟರಿನ ತಗಡು ಡಬ್ಬಿ,
ಗುಜರಿಯಲ್ಲಿ ಕೇಜಿ ಲೆಕ್ಕಕ್ಕೆ ಬಿದ್ದಿದ್ದು.
ಖಮರುನ್ನಿಸಾ ಅದನ್ನು ನನ್ನ ಮೇಜಿನ ಮೇಲಿಟ್ಟು
"ಮೋಟ್ರು ತಿರುಗ್ತೈತೆ ಅಣ್ಣ, ನಿದ್ದೆಗಣ್ಣಲ್ಲಿ" ಅಂದಳು.

ಮೋಟರು ಹಳೇ ಮಾರುತಿ ವ್ಯಾನಿನ ವೈಪರಿನದು.
ಗಾಜಿನ ಮೇಲಿನ ನೀರು ಒರೆಸಬೇಕಿದ್ದದ್ದು
ಶಿಡ್ಲಘಟ್ಟದ ಗಲ್ಲಿಯಲ್ಲಿ ರೇಷ್ಮೆ ಸುತ್ತುತ್ತಿದೆ.
ವ್ಯಾನು ಓಡುವಾಗ ಅದಕ್ಕೆ ಹದಿನಾಲ್ಕರ ಹತ್ತಿರ ಸಿಗುತ್ತಿತ್ತು;
ಈ ಡಬ್ಬಿ ಹನ್ನೆರಡು ಅಂದರೆ ಹನ್ನೆರಡೇ,
ಭಾರ ಬಿದ್ದರೆ ಹನ್ನೊಂದೂ ಮುಕ್ಕಾಲು.

ಮೊದಲು ಕಾಯುತ್ತೇನೆ.
ಪ್ಲಗ್ ಕಿತ್ತ ಮೇಲೂ ದಪ್ಪ ಕೆಪಾಸಿಟರುಗಳು
ಮುನ್ನೂರು ವೋಲ್ಟು ಹೊಟ್ಟೆಯಲ್ಲಿಟ್ಟುಕೊಂಡು
ಏನೂ ಆಗದವರ ಹಾಗೆ ಕೂತಿರುತ್ತವೆ.
ನನ್ನ ಹೆಬ್ಬೆರಳ ಬಿಳಿ ಕಲೆ ಕಲಿಯುತ್ತಿದ್ದ ಕಾಲದ್ದು.
ಪಿಳ್ಳಪ್ಪ ಮೇಷ್ಟ್ರು ಅವತ್ತು ಟೀ ಲೋಟ ಕೆಳಗಿಡದೆ ಹೇಳಿದ್ದರು:
"ಸಿಟ್ಟು ಇಳಿದೈತೆ ಅಂತ ಮುಖ ನೋಡಿ ಹೇಳಬ್ಯಾಡ,
ಮೀಟರಿಟ್ಟು ನೋಡು."

ಒಳಗೆ ಹದಿನಾರು ಕಾಲಿನ ಒಂದು ಐಸಿ.
ಅದಕ್ಕೆ ಹನ್ನೆರಡೂ ಗೊತ್ತಿಲ್ಲ, ಹದಿಮೂರೂ ಗೊತ್ತಿಲ್ಲ.
ಗೊತ್ತಿರುವುದು ಎರಡೂವರೆ.
ರೆಸಿಸ್ಟರುಗಳು ಹೊರಗಿನ ವೋಲ್ಟನ್ನು ಹಂಚಿ
ಒಂದು ಪಾಲು ಅದರ ಒಂದನೇ ಕಾಲಿಗೆ ಮುಟ್ಟಿಸುತ್ತವೆ.
ಎರಡೂವರೆ ಬಂತಾ, ಸರಿ.
ಬರಲಿಲ್ಲವಾ, ಇನ್ನಷ್ಟು ತಳ್ಳು.
ನನ್ನ ಕೆಲಸ, ನೆಲಕ್ಕಿಳಿಯುವ ರೆಸಿಸ್ಟರನ್ನು ಕಿತ್ತು
ಅಲ್ಲೊಂದು ನೀಲಿ ಪ್ರೀಸೆಟ್ ಕೂರಿಸುವುದು,
ಬರುವ ಪಾಲಿನಲ್ಲಿ ಚೂರು ಕದಿಯುವುದು,
ಸಾಲದು, ಸಾಲದು ಎಂದು ಅದರ ಕಿವಿಯಲ್ಲಿ ಊದುವುದು.

ಇದನ್ನೆಲ್ಲ ಬಾಯಿಬಿಟ್ಟು ಹೇಳಿದೆ. ಅವಳು ನಗಲಿಲ್ಲ.
ಹದಿನೆಂಟು ವರ್ಷ ಬೇರೆಯವರ ಬೇಸನ್ನಿನ ಮುಂದೆ,
ಬೆಂದ ಹುಳುವಿನ ಹಬೆಯಲ್ಲಿ ಕೂತವಳು.
ಸಂಜೆ ಮಾಲೀಕನ ತಕ್ಕಡಿಯಲ್ಲಿ ಅವಳ ನೂಲು
ದಿನವೂ ಐದು ಗ್ರಾಂ ಕಡಿಮೆ ತೂಗುತ್ತಿತ್ತಂತೆ.
ಮಾರನೇ ದಿನ ಐದು ಗ್ರಾಂ ಹೆಚ್ಚು ತೆಗೆಯುತ್ತಿದ್ದಳಂತೆ.
ತಕ್ಕಡಿಯ ತಟ್ಟೆಯ ಕೆಳಗೆ ಕೈಯಾಡಿಸಿ ನೋಡಿದ ದಿನ
ಕೆಲಸ ಬಿಟ್ಟು ಬಂದಳಂತೆ.

ಹಸಿರು ತಂತಿಗೆ ಕಪ್ಪು ತಂತಿ ಕೂಡಿಸಿದೆ.
ಫ್ಯಾನು ಕೆಮ್ಮಿ ತಿರುಗಿತು.
ಭಾರಕ್ಕೆಂದು ಹಾಕಿದ ಆಟೋ ಹೆಡ್‌ಲೈಟಿನ ಬಲ್ಬು
ಗೋಡೆಯ ಕ್ಯಾಲೆಂಡರಿಗೆ ಹಳದಿ ಬಳಿಯಿತು.
ಹನ್ನೆರಡು ಪಾಯಿಂಟ್ ಒಂದು.
ನಾಲ್ಕು.
ಏಳು.
ಹದಿಮೂರು.
ಹದಿಮೂರು ಪಾಯಿಂಟ್ ಎರಡು, ಆಗ
ಟಿಕ್.
ಬಲ್ಬಿಲ್ಲ, ಫ್ಯಾನಿಲ್ಲ.

ಹನ್ನೆರಡರ ಜೊತೆ ಐದರ ಗೆರೆಯೂ ಏರುತ್ತದೆ,
ಒಂದನ್ನೆಳೆದರೆ ಇನ್ನೊಂದೂ ಬರುವ ಎಳೆಗಳು.
ಐದು ಗಡಿ ದಾಟಿದ್ದೇ ಕಾವಲು ಬಾಗಿಲೆಳೆದುಕೊಂಡಿತು.
ಕಾವಲನ್ನು ಕತ್ತರಿಸುವುದು ನನಗೆ ಗೊತ್ತು,
ಬೇರೆಯವರಿಗೆ ಮಾಡಿಯೂ ಕೊಟ್ಟಿದ್ದೇನೆ.
ಇವಳ ಮೋಟರಿನ ಪಕ್ಕ ಕುದಿಯುವ ನೀರು, ಒದ್ದೆ ನೆಲ,
ಬೆಳಗಿನಿಂದ ನೆನೆದು ಸುಕ್ಕಾದ ಹತ್ತು ಬೆರಳು.
ಕಟಿಂಗ್ ಪ್ಲೇಯರನ್ನು ಡ್ರಾಯರಿಗೆ ಹಾಕಿದೆ.

ಅವಳು ಚೀಲದಿಂದ ಮೋಟರು ತೆಗೆದಳು, ಪುಟ್ಟ ರಾಟೆ,
ಒಂದು ಹಿಡಿ ನೂಲು.
ಮೀಟರಿನ ಕಡೆ ಬೆನ್ನು ಹಾಕಿ ನಿಂತು
ಓಡುವ ಎಳೆಯನ್ನು ಎರಡು ಬೆರಳ ನಡುವೆ ಬಿಟ್ಟಳು.
"ಇನ್ನೂ."
ತಿರುಪಿದೆ.
"ಇನ್ನೂ... ಹಾಂ, ಸಾಕು, ಸ್ವಲ್ಪ ಹಿಂದೆ. ಇಲ್ಲೇ."
ಹನ್ನೆರಡು ಪಾಯಿಂಟ್ ಎಂಟು ಆರು.
"ಇದರ ಮೇಲೆ ಹೋದ್ರೆ ಎಳೆ ಹರೀತದೆ.
ನಿನ್ನ ಹದಿನಾಲ್ಕು ಯಾರಿಗೆ ಬೇಕಿತ್ತು?"

ಪ್ರೀಸೆಟ್ ಅಲುಗದಂತೆ ಮಗಳ ನೇಲ್ ಪಾಲಿಶು ಒಂದು ಹನಿ ಬಿಟ್ಟೆ.
ಕೆಂಪು ಒಣಗುವವರೆಗೆ ಇಬ್ಬರೂ ಅದನ್ನೇ ನೋಡುತ್ತಿದ್ದೆವು.

ಇನ್ನೂರು ಅಂದೆ. ನೂರೈವತ್ತು ಇಟ್ಟಳು.
ಸಾಲದು ಅಂದೆ.
"ಅದನ್ನ ನಿನ್ನ ಐಸಿಗೆ ಹೇಳು" ಅಂದು
ಡಬ್ಬಿ ಕಂಕುಳಲ್ಲಿಟ್ಟುಕೊಂಡು
ದಿಬ್ಬೂರಹಳ್ಳಿ ರಸ್ತೆಗೆ ಇಳಿದಳು.